ಅವಲಕ್ಕಿ ತಿಂದು ಹೋದವನು

ದಾಂಡೇಲಿ,
ಸೋಮವಾರ

ಬ್ಯಾಂಕಿನ ಮ್ಯಾನೇಜರ್ ಸಾಹೇಬರಿಗೆ ಗೋದುಬಾಯಿಯ ನಮಸ್ಕಾರ.

ಮೊಮ್ಮಗಳು ಶೈಲಶ್ರೀಯ ನರ್ಸಿಂಗ್ ಸಾಲಕ್ಕೆ ಜಾಮೀನು ನಿಂತವಳು ನಾನೇ. ನಿನ್ನೆ ಅವಳನ್ನು ನೋಡಲು ಹಳಿಯಾಳದಿಂದ ಹುಡುಗನ ಮನೆಯವರು ಬಂದಿದ್ದರು. ಅದೇ ಹೊತ್ತಿಗೆ ನಿಮ್ಮ ವಸೂಲಿಯವನೂ ಬಂದ. ಇಸ್ತ್ರಿ ಅಂಗಿ ನೋಡಿ ಹುಡುಗನ ಕಡೆಯವನೆಂದು ತಿಳಿದು, ಜಮಖಾನದ ಮೇಲೆ ಕೂರಿಸಿ ಅವಲಕ್ಕಿ ಕೊಟ್ಟೆ. ಎರಡು ಸಲ ಹಾಕಿಸಿಕೊಂಡು ತಿಂದ. ಆಮೇಲೆ ಕೈ ತೊಳೆದು, "ಈ ಹುಡಿಗೀದು ಕಂತು ಬಾಕಿ ಐತ್ರಿ" ಎಂದು ಎಲ್ಲರೆದುರು ಒದರಿದ.

ಹುಡುಗನ ತಾಯಿ, "ಸಾಲದ ಸೊಸಿ ನಮಗ ಬ್ಯಾಡ್ರಿ" ಎಂದು ಎದ್ದು ನಡೆದಳು. ಶೈಲಾ ಅಳಲಿಲ್ಲ. "ಹೋಗ್ಲಿ ಬಿಡ ಆಯಿ. ಸಾಲಾ ಮಾಡಿ ಕಲತೇನಿ, ಕಳವು ಮಾಡಿಲ್ಲ" ಎಂದಳು.

ಆಸ್ಪತ್ರೆಯಲ್ಲಿ ಅವಳ ನೌಕರಿ ಇನ್ನೂ ಕಾಯಂ ಆಗಿಲ್ಲ, ಪಗಾರ ಕಡಿಮೆ. ಕಂತು ಇಳಿಸಿ, ವರ್ಷ ಹೆಚ್ಚಿಸಿ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾದಳು. ನೀವು ಉತ್ತರ ಬರೆಯಲಿಲ್ಲ, ಆಳು ಕಳಿಸಿದಿರಿ.

ನಾನೂ ಬುಧವಾರ ಬ್ಯಾಂಕಿಗೆ ಬರುತ್ತೇನೆ. ಕಂತು ಇಳಿಸಿದ್ದೇವೆಂದು ಬರೆದುಕೊಡುವ ತನಕ ನಿಮ್ಮ ಎದುರಿನ ಕುರ್ಚಿ ಬಿಟ್ಟು ಏಳುವವಳಲ್ಲ. ನಾಷ್ಟಾ ತರಿಸಿಡಿ. ನಾನೂ ಎರಡು ಸಲ ಹಾಕಿಸಿಕೊಳ್ಳುತ್ತೇನೆ.

ಇಂತಿ, ಜಾಮೀನಿನವಳು
ಗೋದುಬಾಯಿ