ವೃಷಭಕ್ಕೆ ಕಟ್ಟಿದ ಗಂಟೆಗಳು

ತೀರ್ಥಹಳ್ಳಿ
ದೀಪಾವಳಿ, ೧೯೬೮

ಹೂವಪ್ಪಣ್ಣ,

ನೀವು ತೀರಿಕೊಂಡು ವರ್ಷ ಕಳೆಯಿತು. ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಬರೆಯದೆ ಇರಲಾಗುತ್ತಿಲ್ಲ.

ಇವತ್ತು ಹುಂಚಕ್ಕೆ, ನಿಮ್ಮ ಮನೆಗೆ ಹೋಗಿದ್ದೆ. ವೃಷಭ ಕಂಪನಿಯವರು ತಮ್ಮ ಏಜೆಂಟನಾದ ನನಗೆ ಬರೆದ ಪತ್ರ ಜೇಬಿನಲ್ಲಿತ್ತು. ನಾನು ನಿಮಗೆ ಕೊಡಿಸಿದಂಥ ಕೈ ಟ್ರ್ಯಾಕ್ಟರಿನ ತಯಾರಿಕೆ ನಿಂತಿದೆಯಂತೆ, ಮತ್ತೆ ಶುರುವಾಗುವುದು ಖಚಿತವಿಲ್ಲವಂತೆ, ಬಿಡಿಭಾಗ ಕೇಳಿ ಯಾರೂ ಬರೆಯಬಾರದಂತೆ. ಅದನ್ನು ಅತ್ತಿಗೆಗೆ ಹೇಳಿಯೇ ಬರಬೇಕೆಂದು ಬಸ್ಸು ಹತ್ತಿದ್ದೆ.

ಅಂಗಳದಲ್ಲಿ ಗೋಪೂಜೆ ನಡೆಯುತ್ತಿತ್ತು. ಕೊಟ್ಟಿಗೆ ಖಾಲಿಯಿರುವ ಮನೆಯಲ್ಲಿ ಯಾವುದಕ್ಕೆ ಪೂಜೆ ಅನ್ನುತ್ತೀರಾ? ಕೆರಿಯಮ್ಮ ಅತ್ತಿಗೆ ಕೆಟ್ಟು ನಿಂತ ಟ್ರ್ಯಾಕ್ಟರನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ನೀವು ಮಾರಿದ ಎತ್ತುಗಳ ಗಂಟೆಗಳನ್ನು ಅದರ ಹಿಡಿಕೆಗೆ ಕಟ್ಟಿದ್ದರು. ಎಂಜಿನ್ನಿನ ಮುಂದೆ ಎಲೆ ಹಾಕಿ ಕಡುಬು ಬಡಿಸಿದ್ದರು.

"ಗೇರಿನ ಸಾಮಾನು ಬಂತಾ? ಕಂಪ್ನಿಯೋರು ಏನಂದ್ರು?" ಎಂದು ಕೇಳಿದರು.

"ಬರ್ತದೆ ಅತ್ತಿಗೆ. ಕೊಯ್ಲು ಮುಗಿಯೋದ್ರೊಳಗೆ ಬರ್ತದೆ" ಎಂದೆ.

ಎತ್ತಿಗಾದರೆ ಮುಪ್ಪು ಬರುತ್ತದೆ, ಇದಕ್ಕೆ ಬರುವುದಿಲ್ಲ ಎಂದು ನಿಮ್ಮಿಂದ ಆ ಜೋಡಿಯನ್ನು ಮಾರಿಸಿದ್ದೂ ಇದೇ ಬಾಯಿ.

"ತಂದ್ಕೊಟ್ಟೋರು ನೀವು, ನೀವೂ ಒಂದ್ಸಲ ಕೈ ಮುಗೀರಿ" ಎಂದು ಅತ್ತಿಗೆ ನನ್ನ ಕೈಗೆ ಅಕ್ಷತೆ ಕೊಟ್ಟರು. ಹಾಕಿ ತಲೆ ತಗ್ಗಿಸಿದವನಿಗೆ ಮತ್ತೆ ಎತ್ತಲು ಆಗಲಿಲ್ಲ.

ಹಿಂದಿನಿಂದ ಅತ್ತಿಗೆ ಪಕ್ಕದ ಮನೆಯವರಿಗೆ ಪಿಸುಗುಟ್ಟಿದ್ದು ಕೇಳಿಸಿತು: "ನೋಡ್ರೇ, ಅವ್ರಿಗೆ ಎಷ್ಟು ಭಕ್ತಿ!"