ಸರದಾರನ ಹುರುಳಿ

೧೨ ನವೆಂಬರ್ ೧೯೫೮, ಬುಧವಾರ.

ನಮ್ಮ ಕುದುರೆ ಸರದಾರನ ಮುಂಗಾಲಿನ ಗೊರಸು ಇವತ್ತೂ ಬಿಸಿಯಾಗಿದೆ. ಬೆಳಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹೋದ ವಾರ ಶಿಕಾರಿಪುರದಿಂದ ದನದ ಡಾಕ್ಟರು ಬಂದು, ಕಾಲು ಮುಟ್ಟಿ ನೋಡಿ ಬೈದಿದ್ದರು. "ಜಟಕಾ ಬಿಟ್ಟು ವರ್ಷ ಆತು, ಹೆಣ್ಣುಕುದುರೆ ಹತ್ರಾನೂ ಬಿಡಲ್ಲ ಅಂತೀರಿ. ಸುಮ್ನೆ ನಿಂತಿರೋ ಗಂಡುಕುದುರೆಗೆ ದಿನಾ ಹುರುಳಿ ಯಾಕ್ರೀ? ಒಣಹುಲ್ಲು, ನೀರು, ಚೂರು ಉಪ್ಪು ಸಾಕು. ಆ ಕೊಬ್ಬಿಗೇ ಗೊರಸು ಕಾದಿರೋದು. ಹಿಂಗೇ ಕೊಬ್ಬಿಸಿದ್ರೆ ಒಂದಿನ ಮಲಗಿದ್ದು ಏಳಲ್ಲ."

ಹೂಂ ಅಂದಿದ್ದೆ. ಮನೆಯಲ್ಲೂ ಹೇಳಿದ್ದೆ. ಆದರೆ ಹದಿನಾಲ್ಕು ವರ್ಷ ತಾಳಗುಂದದ ದಾರಿಯಲ್ಲಿ ಗಾಡಿ ಎಳೆದವನು ಸಂಜೆ ಕೆನೆದರೆ ಸುಮ್ಮನಿರಲು ಆಗುತ್ತದೆಯೇ? ದಿನಾ ಒಂದು ಬೊಗಸೆ ನೆನೆಹುರುಳಿ ಹೆಗಲ ವಸ್ತ್ರದಲ್ಲಿ ಮುಚ್ಚಿಕೊಂಡು ಹೋಗಿ ತಿನ್ನಿಸುತ್ತಿದ್ದೆ. ಒಂದು ಬೊಗಸೆಯಿಂದ ಏನಾದೀತು ಅಂತ.

ಇವತ್ತು ಸಂಜೆ ಲಾಯಕ್ಕೆ ಹೋದರೆ ನಮ್ಮ ಮನೆಯವಳು ತುಂಗಮ್ಮ ಬೇಯಿಸಿದ ಹುರುಳಿ, ಬೆಲ್ಲ ಸೆರಗಿನಲ್ಲಿ ಹಿಡಿದು ನಿಂತಿದ್ದಾಳೆ! ನನ್ನ ವಸ್ತ್ರದ ಗಂಟು ನೋಡಿ ಅವಳೇ ಮೊದಲು ಬೈದಳು.

"ನಂಗೆ ಇವನ ಪಥ್ಯ ಹೇಳಿದ ದೊಡ್ಡ ಮನುಷ್ಯರು ನೀವೇ ಏನ್ರೀ?"

"ನೀನೇನು ಮಾಡ್ತಿದ್ದೆ?"

"ಪಾಪ, ಹೆಣ್ಣಂತೂ ಇಲ್ಲ, ಊಟಾನಾದ್ರೂ ಬೇಡ್ವಾ ಅವ್ನಿಗೆ?"

ನಕ್ಕುಬಿಟ್ಟೆ. ಆಮೇಲೆ ಅವಳ ಕೈ ಹಿಡಿದು ಗೊರಸಿನ ಮೇಲಿಟ್ಟೆ. ಬಿಸಿ ತಾಗಿದ ಕೂಡಲೇ ಅವಳ ಮುಖ ಸಣ್ಣದಾಯಿತು. ಇಬ್ಬರ ಪಾಲನ್ನೂ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು.

ನಾಳೆ ಕೆನೆದರೆ ಇಬ್ಬರೂ ಬರಿಗೈಯಲ್ಲೇ ಹೋಗಿ ಅವನ ಮೈ ತಿಕ್ಕುವುದು ಅಂತ ಒಪ್ಪಂದವಾಗಿದೆ. ಕುತ್ತಿಗೆ ತಿಕ್ಕಿದರೆ ಅವನಿಗೂ ಇಷ್ಟವೇ. ಆದರೆ ಮೊದಲು ಹುರುಳಿಗಾಗಿ ನಮ್ಮ ಕೈ ಮೂಸಿ ನೋಡುತ್ತಾನಲ್ಲ, ಆಗ ಬರಿಗೈ ತೋರಿಸುವುದೇ ಕಷ್ಟ.