ಕಣ್ಣು ತಪ್ಪಿದ ಜೇನು

ಫೆಬ್ರವರಿ 9, ಸಂಜೆ

ಹಳೆಯ ತೀರ್ಪುಗಳ ಹದಿನಾಲ್ಕನೇ ಸಂಪುಟವೂ ಮುಗಿಯಿತು. ಜೇನಿಲ್ಲ. ಹಸು ಇದೆ, ಕೋಳಿ ಇದೆ, ಬೇಲಿ ದಾಟಿದ ಬಳ್ಳಿ ಕೂಡ ಇದೆ. ನಮ್ಮ ಕೋರ್ಟುಗಳಲ್ಲಿ ಇಷ್ಟು ವರ್ಷ ಜೇನಿಗಾಗಿ ಯಾರೂ ಜಗಳವನ್ನೇ ಆಡಿಲ್ಲವೇ? ಕಚ್ಚುತ್ತದೆ ಅಂತ ರಾಜಿಯಾಗಿರಬೇಕು.

ಸೀನಿಯರ್ ಕಾಲು ಮುರಿದುಕೊಂಡು ಮಲಗಿ ಎರಡು ವಾರ. ಕೇಸು ನನ್ನ ತಲೆಗೆ. ಹನ್ನೊಂದು ವರ್ಷ ಅವರ ಹಿಂದೆ ಫೈಲು ಹಿಡಿದು ನಿಂತವಳು, ಮೊದಲ ಸಲ ನಾನೇ ಎದ್ದು ವಾದಿಸಬೇಕು. ಭಯ ಇದೆ. ಭಯಕ್ಕಿಂತ ಖುಷಿ ಒಂದು ಗುಲಗಂಜಿ ಹೆಚ್ಚು.

ಕೇಸು ಹಿಂದಿನ ಬೀದಿಯ ಅಂಚೆಯಣ್ಣನದು. ನಿವೃತ್ತಿಯಾಗಿ ಮೂರು ವರ್ಷ, ಬೀದಿಗೆಲ್ಲ ಇನ್ನೂ ಅಂಚೆಯಣ್ಣನೇ. ತಾರಸಿಯ ಮೇಲೆ ಒಂದೇ ಒಂದು ಜೇನುಪೆಟ್ಟಿಗೆ. ಹೋದ ವರ್ಷ ಒಂದು ಬೆಳಿಗ್ಗೆ ಇಡೀ ಜೇನು ಕುಟುಂಬ ಎದ್ದು ಹೊರಟಿತು. ಇವರು ಹಿಂದೆಯೇ ಓಡಿದರು. ನಾಲ್ಕು ಬೀದಿ. ಒಂದು ಚಪ್ಪಲಿ ದಾರಿಯಲ್ಲೇ ಹೋಯಿತು. ಬಸ್ ನಿಲ್ದಾಣದ ಹತ್ತಿರ ಎರಡು ಬಸ್ಸು ಅಡ್ಡ ಬಂದವು, ಜೇನು ಕಣ್ಮರೆ. ಆದರೂ ನಿಲ್ಲಲಿಲ್ಲ. ಹತ್ತು ನಿಮಿಷದ ಮೇಲೆ ಸಿಕ್ಕಿತು, ಸಸಿ ಮಾರುವ ನರ್ಸರಿಯ ಮರದಲ್ಲಿ. ನರ್ಸರಿ ಯಜಮಾನರು ಗೇಟು ತೆಗೆಯಲಿಲ್ಲ. "ಕಣ್ಣು ತಪ್ಪಿದ ಮೇಲೆ ಅದು ಕಾಡುಜೇನು. ನನ್ನ ಮರದಲ್ಲಿ ಕೂತಿದ್ದು ನನ್ನದು" ಅಂದರಂತೆ. ಹೊಸ ಪೆಟ್ಟಿಗೆ ತರಿಸಿ ಇಳಿಸಿಯೂ ಬಿಟ್ಟರು.

ಅಂಚೆಯಣ್ಣನ ತಾರಸಿಯಲ್ಲಿ ಖಾಲಿ ಪೆಟ್ಟಿಗೆ. ದಿನಾ ಅದರ ಧೂಳು ಒರೆಸುತ್ತಾರೆ.

ಫೆಬ್ರವರಿ 12, ಮಧ್ಯಾಹ್ನ 3

ಸಿಕ್ಕಿತು!

ಹಳೆಯ ಪಠ್ಯಪುಸ್ತಕದ ಅಡಿಟಿಪ್ಪಣಿ: "ಹಿಂಬಾಲಿಸುವವನ ಹಕ್ಕಿಗೆ ನೋಡಿ..." ಸಮುದ್ರದಾಚೆಯ ದೇಶ. ನೂರ ಮೂವತ್ತು ವರ್ಷ ಹಿಂದಿನ ಕೇಸು. ಅಲ್ಲಿಯ ಲಾ ರಿಪೋರ್ಟ್ ಇಂಟರ್ನೆಟ್ಟಿನಲ್ಲಿದೆ. ಹೇಳಿದ ಪುಟ ತೆಗೆದೆ. ಜೇನು! ಓಡುವ ಮನುಷ್ಯ! ಅಲ್ಲಿ ಬಸ್ಸಿನ ಬದಲು ಹುಲ್ಲಿನ ಗಾಡಿ, ಅಷ್ಟೇ ವ್ಯತ್ಯಾಸ. ಮತ್ತೆ ಈ ಮಾತು. ನಾನೇ ಕನ್ನಡಕ್ಕೆ ತಂದುಕೊಂಡಿದ್ದೇನೆ:

"ಕಣ್ಣಿಗೆ ಮರೆಯಾದ ಮಾತ್ರಕ್ಕೆ ಹಕ್ಕು ಮರೆಯಾಗದು. ಕಾಲು ನಿಲ್ಲುವ ತನಕ ಜೇನು ಓಡುವವನದೇ."

ಕುರ್ಚಿಯಿಂದ ಎದ್ದು ಒಂದು ಸುತ್ತು ಬಂದೆ. ಲೈಬ್ರರಿಯನ್ ಕನ್ನಡಕದ ಮೇಲಿಂದ ನೋಡಿದರು. ಸ್ವರ್ಗಕ್ಕೆ ಮೂರೇ ಗೇಣು.

ಫೆಬ್ರವರಿ 13

ಸೀನಿಯರ್‌ಗೆ ಫೋನ್. ಪೂರ್ತಿ ಕೇಳಿದರು. "ಚೆನ್ನಾಗಿದೆ. ಆದ್ರೆ ನೆನಪಿಟ್ಕೊ, ಹೊರದೇಶದ ತೀರ್ಪು ನಮ್ಮ ಜಡ್ಜನ್ನ ಕಟ್ಟಿಹಾಕಲ್ಲ. ಪಕ್ಕದ ಮನೆ ಹಿರಿಯರ ಮಾತಿದ್ದ ಹಾಗೆ. ಗೌರವದಿಂದ ಕೇಳ್ತಾರೆ, ನಡ್ಸಲೇಬೇಕು ಅಂತಿಲ್ಲ."

"ಗೊತ್ತು ಸಾರ್."

"ಪೂರ್ತಿ ಓದಿದೀಯ ತಾನೆ?"

"ಹೂಂ ಸಾರ್."

ಓದಿದ್ದು ಎರಡು ಪುಟ. ಉಳಿದದ್ದು ಆಮೇಲೆ ಓದಿದರಾಯಿತು... ಲಿಖಿತ ವಾದ ಬರೆಯುವ ಹುಮ್ಮಸ್ಸು.

ಫೆಬ್ರವರಿ 20

ಲಿಖಿತ ವಾದ ಸಲ್ಲಿಸಿ ಬಂದೆ. ಏಳನೇ ಪುಟದಲ್ಲಿ ಆ ಮಾತು, ದಪ್ಪ ಅಕ್ಷರದಲ್ಲಿ. ಮೇಲೆ "ಮಾನ್ಯ ನ್ಯಾಯಾಧೀಶರು ಹೀಗೆ ಹೇಳಿದ್ದಾರೆ" ಅಂತ. ಅಂಚೆಯಣ್ಣನಿಗೆ ಓದಿ ಹೇಳಿದೆ. "ಕಾಲು ನಿಲ್ಲೋ ತನಕ... ಎಷ್ಟು ಚೆನ್ನಾಗಿ ಹೇಳಿದಾರೆ ವಕೀಲಮ್ಮ" ಅಂತ ಎರಡು ಸಲ ಅಂದರು. ಪರದೇಶದ ಪುಣ್ಯಾತ್ಮನಿಗೆ ಇಲ್ಲಿಂದಲೇ ಕೈ ಮುಗಿದರು.

ಮಾರ್ಚ್ 2, ಭಾನುವಾರ

ದೊಡ್ಡ ತಪ್ಪು ಮಾಡಿದ್ದೇನೆ.

ವಿಚಾರಣೆಗೆ ಕೊಡಲು ರಿಪೋರ್ಟಿನ ಹನ್ನೊಂದು ಪುಟವನ್ನೂ ಪ್ರಿಂಟ್ ತೆಗೆದು, ಲಿಖಿತ ವಾದದ ಪ್ರತಿಯ ಜೊತೆ ಮೇಜಿನ ಮೇಲಿಟ್ಟಿದ್ದೆ. ಅತ್ತೆ ಕೈಗೆತ್ತಿಕೊಂಡರು. ಮೂವತ್ತು ವರ್ಷ ಟೀಚರ್ ಆಗಿದ್ದವರು, ಪೊಟ್ಟಣ ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಓದುತ್ತಾರೆ. ಚಹಾ ಆರುವಷ್ಟು ಹೊತ್ತು ಓದಿದರು.

"ಏನೇ, ಇದು ಜಡ್ಜ್ ಹೇಳಿದ್ದಲ್ವಲ್ಲ."

"ಯಾವ್ದು?"

"ನಿನ್ನ ದಪ್ಪಕ್ಷರದ್ದು. ಹಿಂದಿನ ಪುಟದ ಕೊನೇಲಿ ನೋಡು. 'ಜೇನಿನವನ ಪರ ವಕೀಲರು ವಾದಿಸಿದ್ದು' ಅಂತಿದೆ. ಜಡ್ಜ್ ಬಾಯಿ ಬಿಡೋದು ಇನ್ನೂ ಮೂರು ಪುಟ ಆದ್ಮೇಲೆ." ಹಾಳೆ ತಿರುವಿದರು. "ಆ ವಕೀಲರನ್ನ ಸೋಲಿಸಿಬಿಟ್ಟಿದಾರೆ, ಪಾಪ."

ಹಾಳೆ ಕಿತ್ತುಕೊಂಡು ನೋಡಿದೆ. ಆ ಕಾಲದ ರಿಪೋರ್ಟುಗಳಲ್ಲಿ ಮೊದಲು ವಕೀಲರ ವಾದ ಅಚ್ಚು ಹಾಕುತ್ತಿದ್ದರು, ತೀರ್ಪು ಆಮೇಲೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ತೀರ್ಪು ಹೇಳುವುದು ಇಷ್ಟು: ಕಣ್ಣು ತಪ್ಪಿತೋ, ಹಕ್ಕು ತಪ್ಪಿತು. ಅಂದರೆ ನಾನು ಸಮುದ್ರ ದಾಟಿ ಹೋಗಿ ಹುಡುಕಿ ತಂದದ್ದು ನರ್ಸರಿಯವರಿಗೆ ಬೇಕಾದ ತೀರ್ಪು. ಇರುವೆ ಬಿಟ್ಟುಕೊಳ್ಳುವುದಕ್ಕೂ ಒಂದು ಮಿತಿ ಇರುತ್ತದೆ.

ಎದುರು ವಕೀಲರು ಅದನ್ನು ಓದಿಯೇ ಇಲ್ಲ. ಅವರ ಉತ್ತರದಲ್ಲಿ ಒಂದೇ ಸಾಲು: "ಹಳೆಯದು, ಹೊರದೇಶದ್ದು, ಪರಿಗಣಿಸಬಾರದು." ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಇದನ್ನು ಬರೆಯುವಾಗ ನನಗೇ ನಾಚಿಕೆ, ಆದರೆ ಯೋಚಿಸಿದ್ದು ನಿಜ.

ಸೀನಿಯರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿಲ್ಲ. "ಏನ್ಮಾಡ್ಲಿ ಅಂತ ಕೇಳೋಕೆ ಮಾಡಿದ್ಯೋ, ಸುಮ್ನಿರು ಅಂತೀನೇನೋ ಅಂತ ಮಾಡಿದ್ಯೋ?" ಅಂದರು. ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟರು.

ಮಾರ್ಚ್ 3, ಬೆಳಿಗ್ಗೆ

ಅಂಚೆಯಣ್ಣನ ಮನೆಗೆ ಹೋದೆ. ತಾರಸಿಯಲ್ಲಿದ್ದರು. ಖಾಲಿ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಹೇಳಿದೆ. ಆ ಮಾತು ಸೋತವರದು, ನಾನು ಗೆದ್ದವರ ಬಾಯಿಗೆ ಹಾಕಿದ್ದೇನೆ, ಒಪ್ಪಿಕೊಂಡರೆ ಕೇಸು ಹೋದರೂ ಹೋಗಬಹುದು.

ಒರೆಸುವ ಬಟ್ಟೆ ಮಡಿಸಿ ಇಟ್ಟರು.

"ಒಂದ್ಸಲ ಒಂದು ಕಾಗದನ ತಪ್ಪು ಮನೆಗೆ ಹಾಕ್ಬಿಟ್ಟಿದ್ದೆ ವಕೀಲಮ್ಮ. ಯಾರೂ ನೋಡಿರ್ಲಿಲ್ಲ. ಆ ಮನೆಯವರು ಅದನ್ನ ಒಡೆದೂ ಇರ್ಲಿಲ್ಲ. ಮತ್ತೆ ಮೂರು ಮೈಲಿ ಸೈಕಲ್ ತುಳ್ಕೊಂಡು ಹೋಗಿ, ತಪ್ಪಾಯ್ತು ಅಂತ ಹೇಳಿ ತಗೊಂಡು, ಸರಿಯಾದ ಮನೆಗೆ ಕೊಟ್ಟು ಬಂದೆ. ನಾಚಿಕೆ ಆಯ್ತು, ಅಷ್ಟೇ. ನಾಚಿಕೆಯಿಂದ ಯಾರೂ ಸತ್ತಿಲ್ಲ."

"ಜೇನು ಹೋದ್ರೆ?"

"ಹೋದ್ರೆ ಅಳ್ತೀನಿ. ನೀವು ಹೋಗಿ ಹೇಳಿ ಬನ್ನಿ."

ಇಳಿಯುವಾಗ ಮೆಟ್ಟಿಲ ಮೇಲೆ ಕಣ್ಣೀರು ಬಂತು. ಆದರೆ ಮೈ ಹಗುರ. ತಿದ್ದುಪಡಿ ಮೆಮೊ ಬರೆದೆ. ಹನ್ನೊಂದು ಪುಟವನ್ನೂ ಓದಿದೆ. ಎರಡು ಸಲ.

ಮಾರ್ಚ್ 5, ಸಂಜೆ 6

ಎದ್ದು ನಿಂತ ಕೂಡಲೇ ಹೇಳಿಬಿಟ್ಟೆ. ಮೊದಲ ವಾಕ್ಯವೇ ಅದು. "ಮೇಡಂ, ಏಳನೇ ಪುಟದಲ್ಲಿರೋ ಮಾತು ನ್ಯಾಯಾಧೀಶರದ್ದಲ್ಲ. ಸೋತ ವಕೀಲರದ್ದು. ಪೂರ್ತಿ ಓದದೆ ಬರೆದೆ. ತಪ್ಪು ನನ್ನದು."

ಜಡ್ಜ್ ಮೇಡಂ ಪೆನ್ನು ಕೆಳಗಿಟ್ಟರು. ಎದುರು ವಕೀಲರು ಸ್ಪ್ರಿಂಗ್ ಬಿಟ್ಟ ಹಾಗೆ ಎದ್ದರು. "ಹಾಗಾದ್ರೆ ಆ ತೀರ್ಪು ನಮ್ಮ ಪರ. ಅದನ್ನ ನಾವು ಅವಲಂಬಿಸ್ತೀವಿ."

"ಹಳೇದು, ಹೊರದೇಶದ್ದು, ಪರಿಗಣಿಸಬಾರದು ಅಂತ ಬರೆದಿದ್ದೀರಲ್ಲ," ಅಂದರು ಮೇಡಂ. "ಇವತ್ತು ಬೆಳಿಗ್ಗೆ ಹೊಸದಾಯ್ತಾ?"

ಹಿಂದಿನ ಬೆಂಚಿನಲ್ಲಿ ಅತ್ತೆ ಕೆಮ್ಮಿದರು. ನಗು ಬಂದರೆ ಹಾಗೆ ಕೆಮ್ಮುತ್ತಾರೆ.

ಮೇಡಂ ಎರಡನ್ನೂ ಓದಿಸಿದರು, ವಾದ, ತೀರ್ಪು, ಎರಡೂ ಪೂರ್ತಿ. ಆಮೇಲೆ ಅಂಚೆಯಣ್ಣನನ್ನು ಕರೆದರು. "ಜೇನು ಕಾಣದೆ ಇದ್ಮೇಲೆ ಯಾವ ಕಡೆಗೆ ಅಂತ ಓಡಿದ್ರಿ?"

"ಕೇಳ್ಕೊಂಡು ಓಡಿದೆ ಮೇಡಂ. ಮನೆ ಸಿಗದಿದ್ರೆ ಕಾಗದ ಎಸೀತೀವಾ? ಪಕ್ಕದವರನ್ನ ಕೇಳ್ತೀವಿ. ಬಸ್ಸಿನ ಕಂಡಕ್ಟರನ್ನ ಕೇಳಿದೆ, ಆ ಕಡೆ ಅಂದ್ರು. ಇಸ್ತ್ರಿಯವರನ್ನ ಕೇಳಿದೆ, ಮೇಲೆ ಅಂದ್ರು. ಎಲ್ಲರೂ ಕೈ ತೋರಿಸಿದ್ರು. ನನ್ನ ಕಣ್ಣು ತಪ್ಪಿತ್ತು, ಊರಿನ ಕಣ್ಣು ತಪ್ಪಿರ್ಲಿಲ್ಲ."

ನಾನು ಮೂರು ವಾರ ಬರೆದದ್ದಕ್ಕಿಂತ ಚೆನ್ನಾಗಿತ್ತು. ಮೇಡಂ ಅದನ್ನು ನಿಧಾನವಾಗಿ ಬರೆದುಕೊಂಡರು.

ತೀರ್ಪು ಹತ್ತೊಂಬತ್ತಕ್ಕೆ.

ಮಾರ್ಚ್ 19, ಮಧ್ಯಾಹ್ನ

ಗೆದ್ದೆವು. ಗೆದ್ದೆವು. ಗೆದ್ದೆವು.

ಪೂರ್ತಿ ಓದಿದ್ದೇನೆ, ಕೊನೆಯ ಸಹಿಯ ತನಕ. ಬುದ್ಧಿ ಬಂದಿದೆ. ಹನ್ನೆರಡನೇ ಪ್ಯಾರಾ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ:

"ಹೊರದೇಶದ ತೀರ್ಪನ್ನು ಗೌರವದಿಂದ ಓದಿದ್ದೇನೆ. ಅದು ಈ ನ್ಯಾಯಾಲಯವನ್ನು ಕಟ್ಟುವುದಿಲ್ಲ. ಅಲ್ಲಿ ತಿರಸ್ಕೃತವಾದ ವಾದವೇ ನನಗೆ ಹೆಚ್ಚು ಸರಿಯೆನಿಸಿದೆ. ಹುಡುಕುತ್ತಾ ಓಡುತ್ತಿರುವವನು ಬಿಟ್ಟುಕೊಟ್ಟವನಲ್ಲ."

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸೀನಿಯರ್ ಫೋನಿನಲ್ಲಿ ಎಷ್ಟು ನಕ್ಕರೆಂದರೆ ಕಾಲು ನೋಯುತ್ತಿದೆ ಅಂತ ಅವರ ಮನೆಯವರು ಫೋನ್ ಕಿತ್ತುಕೊಂಡರು.

ಆ ವಕೀಲರನ್ನು ನೆನೆದೆ. ನೂರ ಮೂವತ್ತು ವರ್ಷದ ಹಿಂದೆ ಒಂದು ಸಂಜೆ ಸೋತು, ಫೈಲು ಕಟ್ಟಿಕೊಂಡು ಮನೆಗೆ ಹೋಗಿರಬೇಕು. ಊಟ ಸೇರಿರಲಿಕ್ಕಿಲ್ಲ. ಇವತ್ತು ಗೆದ್ದಿದ್ದೀರಿ ಸಾರ್. ತಡವಾಯಿತು, ಕ್ಷಮಿಸಿ.

ಮಾರ್ಚ್ 21

ನರ್ಸರಿ ಯಜಮಾನರೇ ಗಾಡಿಯಲ್ಲಿ ಪೆಟ್ಟಿಗೆ ತಂದರು. ಮುಖ ಬಿಗಿದುಕೊಂಡೇ ಇಳಿಸಿದರು. ಅಂಚೆಯಣ್ಣ ಚಹಾ ಕೊಟ್ಟರು. ಎರಡನೇ ಲೋಟಕ್ಕೆ, "ಒಂದು ವರ್ಷ ಸಾಕಿದೀನಿ, ಆಗಾಗ ಬಂದು ನೋಡ್ಬಹುದಾ?" ಅಂತ ಕೇಳಿದರು. "ಓಡ್ಕೊಂಡು ಬನ್ನಿ, ಗೇಟು ತೆಗೆದೇ ಇರುತ್ತೆ" ಅಂದರು ಇವರು. ಇಬ್ಬರೂ ಪೆಟ್ಟಿಗೆಗೆ ಕಿವಿ ಇಟ್ಟು ಕೂತರು.

ಮಾರ್ಚ್ 30, ಭಾನುವಾರ, ಬೆಳಿಗ್ಗೆ 9.20

ಹೊಸ ಕೇಸು ಬಂದಿದೆ, ನನ್ನ ಹೆಸರಿಗೇ. ಬಾವಿ ಯಾರದು ಅಂತ. ಮತ್ತೆ ಹೊರದೇಶದ ರಿಪೋರ್ಟು. ಅತ್ತೆ ಈಗಾಗಲೇ ಕನ್ನಡಕ ಒರೆಸಿಕೊಂಡು ಕೂತಿದ್ದಾರೆ. "ಮೊದಲು ನನಗೆ ಕೊಡು, ಆಮೇಲೆ ನೀನು ದಪ್ಪಕ್ಷರ ಮಾಡು" ಅಂತ. ಕೊಟ್ಟಿದ್ದೇನೆ. ಪುಟ ಒಂದರಿಂದ—

ಕಿಟಕಿಯಾಚೆ ಏನೋ ಗುಂಯ್ ಅನ್ನುತ್ತಿದೆ. ಬೀದಿ ದೀಪದ ಎತ್ತರಕ್ಕೆ ಕಪ್ಪು ಮೋಡ, ಓಡುತ್ತಿದೆ. ಕೆಳಗೆ ಅಂಚೆಯಣ್ಣ, ಒಂದೇ ಚಪ್ಪಲಿ, ಕೈ ಬೀಸುತ್ತಿದ್ದಾರೆ. "ವಕೀಲಮ್ಮ, ಕಣ್ಣಿಡಿ, ಕಣ್ಣಿಡಿ." ಅತ್ತೆ ಆಗಲೇ ಮೆಟ್ಟಿಲಿಳಿದಾಯಿತು. ನನ್ನ ಚಪ್ಪಲಿ ಎಲ್ಲಿ—